ಫ್ಲಾನರಿ ಓಕಾನರ್ ಕಥೆಗಳಲ್ಲಿ ಮನೆತನ ಮತ್ತು ಧರ್ಮಶ್ರದ್ಧೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಥೆಗಾರ್ತಿ ಫ್ಲಾನರಿ ಓಕಾನರ್ ಅವರ ಕಥೆಗಳನ್ನು ಸಣ್ಣ ಗುಂಪುಗಳಲ್ಲಿ ಕೂತು ಓದುವಾಗಲೂ, ಆಮೇಲೆ ಬರುವ ಪತ್ರಗಳಲ್ಲೂ ಒಂದಷ್ಟು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಈ ಲೇಖಕಿಯನ್ನು ಹೊಸದಾಗಿ ಓದುವವರು ಮೊದಲಿನಿಂದ ಓದಬಹುದು. ಕಥೆಗಳು ಗೊತ್ತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ತೊಂದರೆಯಿಲ್ಲ. ಕಥೆಗಳ ಅಂತ್ಯಗಳನ್ನು ಮುಚ್ಚಿಡಲು ನಾನು ಪ್ರಯತ್ನಿಸಿಲ್ಲ.

## ಮೊದಲ ಪರಿಚಯ

ಯಾರು ಈ ಫ್ಲಾನರಿ ಓಕಾನರ್? ಎಷ್ಟು ಬರೆದಿದ್ದಾರೆ?

ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ 1925ರ ಮಾರ್ಚ್ 25ರಂದು ಹುಟ್ಟಿದ ಓಕಾನರ್, ಅದೇ ರಾಜ್ಯದ ಮಿಲೆಜ್‌ವಿಲ್ ಎಂಬ ಸಣ್ಣ ಊರಿನಲ್ಲಿ 1964ರ ಆಗಸ್ಟ್ 3ರಂದು, ತಮ್ಮ 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬರೆದದ್ದು ಹೆಚ್ಚಲ್ಲ. 'ವೈಸ್ ಬ್ಲಡ್' (1952) ಮತ್ತು 'ದ ವಯಲೆಂಟ್ ಬೇರ್ ಇಟ್ ಅವೇ' (1960) ಎಂಬ ಎರಡು ಕಾದಂಬರಿಗಳು, ಹತ್ತು ಕಥೆಗಳ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' (1955), ಮರಣಾನಂತರ ಬಂದ ಒಂಬತ್ತು ಕಥೆಗಳ 'ಎವೆರಿಥಿಂಗ್ ದಟ್ ರೈಸಸ್ ಮಸ್ಟ್ ಕನ್ವರ್ಜ್' (1965), ಇವೇ ಮುಖ್ಯ ಕೃತಿಗಳು. ಒಟ್ಟು 31 ಕಥೆಗಳನ್ನು ಸೇರಿಸಿ 1971ರಲ್ಲಿ ತಂದ ಸಮಗ್ರ ಸಂಪುಟಕ್ಕೆ ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂದಿತು. ಆ ಹೊತ್ತಿಗೆ ಅವರು ತೀರಿಕೊಂಡು ಎಂಟು ವರ್ಷವಾಗಿತ್ತು.

ಹೆಸರು ಕೇಳಿದರೆ ಗಂಡಸೋ ಹೆಂಗಸೋ ಎಂದೇ ತಿಳಿಯುವುದಿಲ್ಲವಲ್ಲ?

ಅದು ಅವರಿಗೂ ಗೊತ್ತಿತ್ತು. ಪೂರ್ಣ ಹೆಸರು ಮೇರಿ ಫ್ಲಾನರಿ ಓಕಾನರ್. 'ಫ್ಲಾನರಿ' ಬಂಧುಗಳ ಕಡೆಯಿಂದ ಬಂದ ಮನೆತನದ ಹೆಸರು. ಅಯೋವಾದಲ್ಲಿ ಓದಲು ಹೋದ ಮೇಲೆ 'ಮೇರಿ'ಯನ್ನು ಬಿಟ್ಟರು. ಮನೆಯವರು ಮಾತ್ರ ಕೊನೆಯವರೆಗೂ ಮೇರಿ ಫ್ಲಾನರಿ ಎಂದೇ ಕರೆದರು.

ಅವರ ಮನೆತನದ ಹಿನ್ನೆಲೆ ಏನು? ಅದನ್ನು ಯಾಕೆ ತಿಳಿದುಕೊಳ್ಳಬೇಕು?

ತಂದೆ ಎಡ್ವರ್ಡ್, ತಾಯಿ ರೆಜೀನಾ ಕ್ಲೈನ್, ಇಬ್ಬರೂ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಕುಟುಂಬಗಳಿಗೆ ಸೇರಿದವರು. ಸವಾನಾದಲ್ಲಿ ಓಕಾನರ್ ಬಾಲ್ಯ ಕಳೆದ ಮನೆ ಲಫಯೆಟ್ ಚೌಕದ ಅಂಚಿನಲ್ಲಿತ್ತು. ಎದುರಿಗೇ ಪ್ರಧಾನಾಲಯ (ಕ್ಯಾಥೆಡ್ರಲ್), ಅದರ ಜೋಡಿ ಗೋಪುರಗಳು. ಆದರೆ ಸುತ್ತಲಿನ ರಾಜ್ಯವೆಲ್ಲ ಬ್ಯಾಪ್ಟಿಸ್ಟ್ ಮತ್ತು ಮೆಥಡಿಸ್ಟ್ ಪಂಥಗಳ ಪ್ರೊಟೆಸ್ಟೆಂಟರದು. ಕ್ಯಾಥೊಲಿಕರ ಮೇಲೆ ಅಲ್ಲಿ ಎಷ್ಟು ಅನುಮಾನವಿತ್ತೆಂದರೆ, ಕನ್ಯಾಸ್ತ್ರೀ ಮಠಗಳಿಗೆ ಹೊಕ್ಕು ತಪಾಸಣೆ ಮಾಡಲು ಅವಕಾಶ ಕೊಡುವ ಕಾನೂನನ್ನೇ ಜಾರ್ಜಿಯಾ 1915ರಲ್ಲಿ ಮಾಡಿತ್ತು.

ತಾಯಿಯ ಊರಾದ ಮಿಲೆಜ್‌ವಿಲ್‌ನ ಮಾತು ಇನ್ನೂ ವಿಚಿತ್ರ. ಅಲ್ಲಿ ಮೊತ್ತಮೊದಲ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಕ್ಯಾಥೊಲಿಕ್ ಆರಾಧನೆ) ನಡೆದದ್ದು ತಮ್ಮ ಮುತ್ತಜ್ಜನ ಹೋಟೆಲ್ ಕೋಣೆಯಲ್ಲಿ, ಆಮೇಲೆ ಅವರ ಮನೆಯ ಪಿಯಾನೊವನ್ನೇ ಪೀಠ ಮಾಡಿಕೊಂಡು ಎಂದು ಓಕಾನರ್ ಒಂದು ಪತ್ರದಲ್ಲಿ ಬರೆದಿದ್ದಾರೆ. ಗುಡಿಯಿಲ್ಲದ ಊರಿನಲ್ಲಿ ಪಿಯಾನೊದ ಮುಚ್ಚಳದ ಮೇಲೆ ರೊಟ್ಟಿ, ದ್ರಾಕ್ಷಾರಸ. ಆದರೆ ಇದೇ ಕ್ಲೈನ್ ಮನೆತನ ಊರಿನ ಗಣ್ಯರ ಸಾಲಿಗೂ ಸೇರಿತ್ತು. ತಾಯಿಯ ತಂದೆ ಅಲ್ಲಿಯ ಮೇಯರ್ ಆಗಿದ್ದರು. ಅಂದರೆ ಓಕಾನರ್ ಹುಟ್ಟಿದ್ದು ಜಾತಿ–ಅಂತಸ್ತಿನ ಏಣಿಯಲ್ಲಿ ಮೇಲಿನ ಮೆಟ್ಟಿಲಲ್ಲಿ, ಧರ್ಮದ ಲೆಕ್ಕದಲ್ಲಿ ಹೊರಗಿನವರಾಗಿ. ಒಂದೇ ಮನೆಯ ಒಳಗಿದ್ದುಕೊಂಡೇ ಅದನ್ನು ಹೊರಗಿನಿಂದ ನೋಡುವ ಅವರ ಕಥನದ ಕಣ್ಣಿಗೆ ಈ ಎರಡೂ ಬೇಕಾಗಿದ್ದವು. ಬರೀ ಗಣ್ಯರ ಮಗಳಾಗಿದ್ದರೆ ಆ ವ್ಯಂಗ್ಯ ಬರುತ್ತಿರಲಿಲ್ಲ. ಬರೀ ಹೊರಗಿನವಳಾಗಿದ್ದರೆ ಆ ಮನೆಗಳ ಊಟದ ಮೇಜಿನ ಮಾತು ಅಷ್ಟು ನಿಖರವಾಗಿ ಕೇಳಿಸುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಅಪ್ಪ ಬೇಗ ತೀರಿಕೊಂಡರಂತೆ. ಅದಕ್ಕೂ ಕಥೆಗಳಿಗೂ ಸಂಬಂಧವಿದೆಯೇ?

ಇದೆ, ಆದರೆ ಹುಡುಕಬೇಕಾದದ್ದು ಇರುವುದರಲ್ಲಲ್ಲ, ಇಲ್ಲದಿರುವುದರಲ್ಲಿ. ಎಡ್ವರ್ಡ್ ಓಕಾನರ್ 1941ರ ಫೆಬ್ರುವರಿಯಲ್ಲಿ ಲೂಪಸ್ ಎಂಬ ಕಾಯಿಲೆಯಿಂದ ತೀರಿಕೊಂಡಾಗ ಒಬ್ಬಳೇ ಮಗಳಿಗೆ ಇನ್ನೂ ಹದಿನೈದು ವರ್ಷ. ಅಪ್ಪನಿಗೂ ಬರೆಯುವ ಆಸೆಯಿತ್ತೆಂದೂ, ತಾನು ಬರೆದದ್ದರಲ್ಲಿ ಅಪ್ಪನ ಆ ಬಯಕೆಯೂ ಈಡೇರುತ್ತಿದೆ ಎಂಬುದು ತನಗೆ ಹೆಚ್ಚಿನ ಸಂತೋಷವೆಂದೂ ಅವರು ಮುಂದೆ ಗೆಳತಿಯೊಬ್ಬರಿಗೆ ಬರೆದಿದ್ದಾರೆ.

ಇಷ್ಟು ಪ್ರೀತಿಸಿದ ಅಪ್ಪ ಕಥೆಗಳಲ್ಲಿ ಕಾಣುವುದೇ ಇಲ್ಲ. 'ಗುಡ್ ಕಂಟ್ರಿ ಪೀಪಲ್', 'ಗ್ರೀನ್‌ಲೀಫ್', 'ದ ಎಂಡ್ಯೂರಿಂಗ್ ಚಿಲ್', 'ಎವೆರಿಥಿಂಗ್ ದಟ್ ರೈಸಸ್ ಮಸ್ಟ್ ಕನ್ವರ್ಜ್' – ಎಲ್ಲೆಲ್ಲೂ ಗಂಡನಿಲ್ಲದ ತಾಯಿ, ಬೆಳೆದು ನಿಂತ ಕಹಿ ನಾಲಿಗೆಯ ಮಗ ಅಥವಾ ಮಗಳು. ಗಂಡ ಸತ್ತಿದ್ದಾನೆ ಇಲ್ಲವೇ ಬಿಟ್ಟು ಹೋಗಿದ್ದಾನೆ; ಒಂದು ವಾಕ್ಯದಲ್ಲಿ ಅವನ ವಿಷಯ ಮುಗಿಯುತ್ತದೆ. ಖಾಲಿ ಕುರ್ಚಿಯೊಂದನ್ನು ಯಾರೂ ಮುಟ್ಟದೆ ಹಾಗೇ ಇಟ್ಟುಕೊಂಡ ಮನೆಗಳು ಇವು. ಆ ಕುರ್ಚಿಗೆ ಹೊರಗಿನಿಂದ ಯಾರೋ ಬಂದು ಕೂರುವುದರಿಂದಲೇ ಕಥೆ ಶುರುವಾಗುತ್ತದೆ: ಬೈಬಲ್ ಮಾರುವವನು, ತಪ್ಪಿಸಿಕೊಂಡ ಕೈದಿ, ನಿರಾಶ್ರಿತ, ಒಮ್ಮೆ ಒಂದು ಗೂಳಿ.

## ಕಥೆಗಳ ಒಳಗೆ

ಆ ಗಟ್ಟಿಗಿತ್ತಿ ತಾಯಂದಿರೆಲ್ಲ ಅವರ ಅಮ್ಮನೇ ತಾನೇ?

ಇದನ್ನು ಕೇಳದವರೇ ಇಲ್ಲ. ಹೌದೆನ್ನಲು ಕಾರಣಗಳಿವೆ. ಓಕಾನರ್ ತಮ್ಮ ಕೊನೆಯ ಹದಿಮೂರು ವರ್ಷಗಳನ್ನು ಮಿಲೆಜ್‌ವಿಲ್ ಹೊರವಲಯದ ಆಂಡಲೂಸಿಯಾ ಎಂಬ 544 ಎಕರೆಯ ಡೇರಿ ಫಾರ್ಮ್‌ನಲ್ಲಿ ಕಳೆದರು. ಹಾಲು, ಹುಲ್ಲುಗಾವಲು, ಆಳುಕಾಳು, ಲೆಕ್ಕಪತ್ರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ರೆಜೀನಾ. ಕೆಲಸದವರ ಬಗ್ಗೆ ಗೊಣಗುತ್ತ, ತನ್ನಿಂದಲೇ ಈ ಜಮೀನು ನಿಂತಿದೆ ಎಂದುಕೊಳ್ಳುವ ಮಿಸೆಸ್ ಮೇ, ಮಿಸೆಸ್ ಹೋಪ್‌ವೆಲ್, ಮಿಸೆಸ್ ಮ್ಯಾಕಿಂಟೈರ್ ಮುಂತಾದವರ ಮಾತಿನ ಧಾಟಿ ಆ ಮನೆಯ ಅಡುಗೆಕೋಣೆಯಿಂದಲೇ ಬಂದಿರಬೇಕು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಕಥೆಗೆ ಅನ್ಯಾಯವಾಗುತ್ತದೆ. ಎದುರಿಗಿರುವ ಮಗಳನ್ನೂ ನೋಡಿ. 'ಗುಡ್ ಕಂಟ್ರಿ ಪೀಪಲ್' ಕಥೆಯ ಮಗಳು ತತ್ವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವಳು, ಕಾಲೊಂದು ಮರದ್ದು, ಅಮ್ಮ ಇಟ್ಟ 'ಜಾಯ್' ಎಂಬ ಹೆಸರನ್ನು ತೆಗೆದುಹಾಕಿ, ಬೇಕೆಂದೇ ಕರ್ಣಕಠೋರವಾದ 'ಹಲ್ಗಾ' ಎಂಬ ಹೆಸರಿಟ್ಟುಕೊಂಡವಳು. ತಾನು ಎಲ್ಲವನ್ನೂ ಅರಿತವಳೆಂಬ ಅವಳ ಅಹಂಕಾರವನ್ನು, ಪೆದ್ದನೆಂದು ಅವಳು ತಿಳಿದ ಬೈಬಲ್ ಮಾರಾಟಗಾರ ಅಟ್ಟದ ಮೇಲೆ ಮುರಿದುಹಾಕುತ್ತಾನೆ; ಮರದ ಕಾಲನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೇಹೋಗುತ್ತಾನೆ. ಕಾಯಿಲೆಬಿದ್ದು ಮನೆಗೆ ಮರಳಿದ, ಪುಸ್ತಕ ಓದಿದ ಮಗಳು ಬರೆದ ಕಥೆಯಿದು ಎಂಬುದನ್ನು ಮರೆಯಬಾರದು. ಅಮ್ಮನಿಗೆ ಚುಚ್ಚುವ ಸೂಜಿಗಿಂತ ತನಗೇ ಚುಚ್ಚಿಕೊಳ್ಳುವ ಸೂಜಿ ಇಲ್ಲಿ ಉದ್ದವಾಗಿದೆ. ತನ್ನ ಪಾಪವನ್ನು ಮೊದಲು ಎಣಿಸಿಕೊಂಡು ಪಾಪನಿವೇದನೆಗೆ ಹೋಗುವ ಅಭ್ಯಾಸವಿದ್ದವರಿಗೆ ಈ ಕ್ರಮ ಹೊಸದೇನಲ್ಲ.

ಕಾಯಿಲೆ ಅವರ ಬರವಣಿಗೆಯನ್ನು ಹೇಗೆ ಬದಲಿಸಿತು?

1950ರ ಡಿಸೆಂಬರಿನಲ್ಲಿ ಉತ್ತರದಿಂದ ರೈಲಿನಲ್ಲಿ ಊರಿಗೆ ಬರುವಾಗಲೇ ಅವರು ಕಾಯಿಲೆಬಿದ್ದಿದ್ದರು. ಸಂಧಿವಾತವೆಂದು ಮನೆಯಲ್ಲಿ ಹೇಳಿದ್ದರು. ಅಪ್ಪನನ್ನು ಕೊಂದ ಲೂಪಸ್ಸೇ ತನಗೂ ಬಂದಿದೆಯೆಂಬುದು ಅವರಿಗೆ ತಿಳಿದದ್ದು 1952ರಲ್ಲಿ, ಗೆಳತಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಬಾಯಿಂದ. ಮನೆತನದ ಆಸ್ತಿಯ ಜೊತೆಗೆ ಮನೆತನದ ಸಾವೂ ಬಂದಂತಾಯಿತು.

ಮೆಟ್ಟಿಲು ಹತ್ತಲಾಗದ್ದರಿಂದ ಕೆಳಗಿನ ಮುಂಭಾಗದ ಕೋಣೆಯೇ ಮಲಗುವ ಜಾಗವೂ ಬರೆಯುವ ಜಾಗವೂ ಆಯಿತು. 1955ರಿಂದ ಊರುಗೋಲು. ದಿನಚರಿ ಕಟ್ಟುನಿಟ್ಟು: ಬೆಳಗ್ಗೆ ಪಟ್ಟಣಕ್ಕೆ ಹೋಗಿ ಬಲಿಪೂಜೆ, ಬಂದು ಎರಡು ಮೂರು ಗಂಟೆ ಬರವಣಿಗೆ, ಮಧ್ಯಾಹ್ನದ ಮೇಲೆ ವರಾಂಡದಲ್ಲಿ ಕೂತು ಅಂಗಳದ ನವಿಲುಗಳನ್ನು ನೋಡುವುದು. ಬರೆಯುವಾಗ ಗಮನ ಚದುರದಿರಲೆಂದು ಮೇಜನ್ನು ಕಿಟಕಿಗೆ ಬೆನ್ನುಮಾಡಿ, ಬೀರುವಿನ ಬೋಳು ಹಿಂಬದಿಗೆ ಮುಖಮಾಡಿ ಇಟ್ಟುಕೊಂಡಿದ್ದರು.

ತಮ್ಮ ಬಗ್ಗೆ ಯಾರಾದರೂ ಅನುಕಂಪ ತೋರುವುದು ಅವರಿಗೆ ಸೇರುತ್ತಿರಲಿಲ್ಲ. 1958ರಲ್ಲಿ ತಾಯಿಯೊಡನೆ ಫ್ರಾನ್ಸಿನ ಲೂರ್ದು ಮಾತೆಯ ಕ್ಷೇತ್ರಕ್ಕೆ ಹೋದಾಗಲೂ ತಮ್ಮ ಮೂಳೆಗಳಿಗಾಗಿ ಬೇಡಲಿಲ್ಲ, ಕೈಯಲ್ಲಿದ್ದ ಕಾದಂಬರಿಗಾಗಿ ಬೇಡಿಕೊಂಡೆ ಎಂದು ಬರೆದಿದ್ದಾರೆ. 'ದ ಎಂಡ್ಯೂರಿಂಗ್ ಚಿಲ್' ಕಥೆಯಲ್ಲಿ ಇದೇ ಸ್ವಭಾವ ಹಾಸ್ಯವಾಗಿ ಬರುತ್ತದೆ. ನ್ಯೂಯಾರ್ಕಿನಿಂದ ಸಾಯಲೆಂದು ಊರಿಗೆ ಬಂದ ಸೋತ ಸಾಹಿತಿ ಆಸ್ಬರಿ ತನ್ನ ಸಾವಿಗೆ ಕಾವ್ಯದ ಗತ್ತು ಬಯಸುತ್ತಾನೆ. ಪಾಂಡಿತ್ಯದ ಮಾತಾಡಲು ಪಾದ್ರಿಯನ್ನು ಕರೆಸಿದರೆ, ಬಂದವರು ಒಂದು ಕಣ್ಣು ಕಾಣದ, ಒಂದು ಕಿವಿ ಕೇಳದ ಮುದುಕರು. ಅವರು ಕೇಳುವುದು ಧರ್ಮೋಪದೇಶದ ಮೊದಲ ಪಾಠದ ಪ್ರಶ್ನೆ. ಕೊನೆಗೆ ಊರ ವೈದ್ಯ ಪತ್ತೆಹಚ್ಚುವುದು ಕಾಯಿಸದ ಹಾಲು ಕುಡಿದರೆ ಬರುವ ಜ್ವರವನ್ನು. ಆಸ್ಬರಿ ಸಾಯುವುದಿಲ್ಲ, ಬದುಕಬೇಕು ಎಂಬುದೇ ಅವನಿಗೆ ಶಿಕ್ಷೆ. ಸಾಯುವ ಕಾಯಿಲೆಯಿದ್ದವರು ಬದುಕುವ ರೋಗಿಯನ್ನು ಗೇಲಿ ಮಾಡಿದ ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ನಗು ಮೊದಲು ಬರುತ್ತದೆ, ಮಿಕ್ಕದ್ದು ಆಮೇಲೆ.

ಕ್ಯಾಥೊಲಿಕ್ ಲೇಖಕಿ ಎನ್ನುತ್ತಾರೆ. ಕಥೆಗಳಲ್ಲಿ ಕ್ಯಾಥೊಲಿಕರೇ ಸಿಗುವುದಿಲ್ಲವಲ್ಲ?

ಬಹಳ ಕಡಿಮೆ ಎನ್ನುವುದು ಸರಿ. 'ಎ ಟೆಂಪಲ್ ಆಫ್ ದ ಹೋಲಿ ಗೋಸ್ಟ್' ಕಥೆಯ ಹುಡುಗಿ, 'ದ ಡಿಸ್‌ಪ್ಲೇಸ್ಡ್ ಪರ್ಸನ್' ಕಥೆಯ ಪಾದ್ರಿ ಮತ್ತು ಪೋಲೆಂಡಿನ ನಿರಾಶ್ರಿತ ಕುಟುಂಬ, ಹೀಗೆ ಬೆರಳೆಣಿಕೆ. ಉಳಿದವರೆಲ್ಲ ಅಕ್ಕಪಕ್ಕದ ಪ್ರೊಟೆಸ್ಟೆಂಟರು: ಹೊಳೆಯಲ್ಲಿ ಮುಳುಗಿಸಿ ಜ್ಞಾನಸ್ನಾನ ಮಾಡಿಸುವ ಬೋಧಕರು, ದೇವರನ್ನು ಬೈಯುತ್ತಲೇ ಅವನಿಂದ ಬಿಡಿಸಿಕೊಳ್ಳಲಾಗದ ಅಲೆಮಾರಿಗಳು. ಗುರು, ಗುಡಿ, ಸಂಸ್ಕಾರಗಳ ಆಸರೆಯಿಲ್ಲದೆ ಬೈಬಲ್ ಒಂದನ್ನೇ ಹಿಡಿದು ದೇವರೊಡನೆ ಗುದ್ದಾಡುವ ಈ ಜನರಲ್ಲಿ ಅವರಿಗೆ ನಾಟಕ ಕಂಡಿತು. ತಮ್ಮ ಧರ್ಮದವರ ಭಕ್ತಿ ಮನೆಯೊಳಗೆ ಶಾಂತವಾಗಿ ನಡೆಯುವಂಥದ್ದು. ಇವರದು ಬೀದಿಗೆ ಬಂದು ಕಣ್ಣಿಗೆ ಕಾಣುವಂಥದ್ದು. ಕಥೆಗಾರ್ತಿಗೆ ಯಾವುದು ಒದಗುತ್ತದೆಂದು ಬೇರೆ ಹೇಳಬೇಕಿಲ್ಲ.

ದಿನಾ ಪೂಜೆಗೆ ಹೋಗುವವರು ಇಷ್ಟೊಂದು ಹಿಂಸೆಯನ್ನು ಯಾಕೆ ಬರೆದರು?

'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಕಥೆಯಲ್ಲಿ ಪ್ರವಾಸ ಹೊರಟ ಕುಟುಂಬವೊಂದನ್ನು, ಹಸುಗೂಸನ್ನೂ ಬಿಡದೆ, ತಪ್ಪಿಸಿಕೊಂಡ ಕೈದಿಗಳು ಕೊಲ್ಲುತ್ತಾರೆ. 'ದ ರಿವರ್' ಕಥೆಯ ಪುಟ್ಟ ಹುಡುಗ ದೇವರ ರಾಜ್ಯವನ್ನು ಹುಡುಕುತ್ತ ಹೊಳೆಯಲ್ಲಿ ಮುಳುಗುತ್ತಾನೆ. ಓದಿ ಕಂಗಾಲಾದವರು ಕೇಳುವುದು ಸಹಜ.

ಕಿವಿ ಮಂದವಾದವರಿಗೆ ಕೂಗಿ ಹೇಳಬೇಕು, ಕಣ್ಣು ಮಂಜಾದವರಿಗೆ ಚಿತ್ರವನ್ನು ದೊಡ್ಡದಾಗಿ ಬರೆಯಬೇಕು ಎಂಬರ್ಥದ ಮಾತು ಅವರ ಪ್ರಬಂಧವೊಂದರಲ್ಲಿದೆ. ತಮ್ಮ ಓದುಗರಿಗೆ ಜ್ಞಾನಸ್ನಾನವೆಂದರೆ ಬರೀ ತಲೆಗೆ ನೀರು ಹಾಕುವ ಶಾಸ್ತ್ರ ಎಂದು ಅವರಿಗೆ ಗೊತ್ತಿತ್ತು. ಆ ನೀರಿಗೆ ಪ್ರಾಣದ ಬೆಲೆಯಿದೆ ಎಂದು ತೋರಿಸಲು ಹುಡುಗನನ್ನು ಮುಳುಗಿಸಿದರು. ಈ ಸಮರ್ಥನೆ ನನಗೆ ಮುಕ್ಕಾಲು ಪಾಲು ಒಪ್ಪಿಗೆ. ಉಳಿದ ಕಾಲು ಪಾಲಿನಲ್ಲಿ, ಕೆಲವು ಸಾವುಗಳು ಕಥೆಗಾರ್ತಿಯ ಅವಸರದಿಂದ ಆದವು ಎಂಬ ಗುಮಾನಿ ಉಳಿದೇ ಇದೆ.

ಆದರೆ ಪ್ರವಾಸ ಹೊರಟ ಆ ಕುಟುಂಬದ ಅಜ್ಜಿಯ ಕೊನೆಯ ಗಳಿಗೆ ಅಂಥದ್ದಲ್ಲ. ಕಥೆಯುದ್ದಕ್ಕೂ ತನ್ನ ಮನೆತನ, ತನ್ನ ಕೈಗವಸು, ತನ್ನ ಟೋಪಿ ಎಂದು ಮೆರೆದ ಮುದುಕಿ, ಬಂದೂಕಿನ ಮುಂದೆ ಕೂತು ಕೊಲೆಗಾರನ ಭುಜ ಮುಟ್ಟಿ, ನೀನೂ ನನ್ನ ಮಕ್ಕಳಲ್ಲಿ ಒಬ್ಬನಲ್ಲವೇ ಎನ್ನುತ್ತಾಳೆ. ಅವನು ಹಾವು ಕಚ್ಚಿದಂತೆ ಹಿಂದೆ ಹಾರಿ ಮೂರು ಗುಂಡು ಹೊಡೆಯುತ್ತಾನೆ. ಮನೆತನವೆಂಬ ಪದಕ್ಕೆ ರಕ್ತಸಂಬಂಧದ ಆಚೆಗಿನ ಅರ್ಥವೊಂದು ಅವಳಿಗೆ ಹೊಳೆದದ್ದು ಆ ಒಂದು ಸ್ಪರ್ಶದಲ್ಲಿ. ಓಕಾನರ್ ಕಥೆಗಳಲ್ಲಿ ಮನೆತನ ವೇದಿಕೆ ಕಟ್ಟಿಕೊಡುತ್ತದೆ, ಶ್ರದ್ಧೆ ಅದರ ಹಲಗೆಯನ್ನು ಕಿತ್ತುಹಾಕುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ನಾನು ಕ್ರೈಸ್ತಳಲ್ಲ. ನನಗೆ ಈ ಕಥೆಗಳು ದಕ್ಕುತ್ತವೆಯೇ?

ದಕ್ಕುತ್ತವೆ. ಅವರು ಬರೆದದ್ದೇ ನಂಬದವರನ್ನು ಎದುರಿಗಿಟ್ಟುಕೊಂಡು. ಮೊದಲ ಓದಿಗೆ ಯಾವ ಟಿಪ್ಪಣಿಯೂ ಬೇಡ. ನಗು ಬಂದರೆ ನಗಿ.

## ಇನ್ನೂ ಆಳಕ್ಕೆ

ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ರೊಟ್ಟಿ) ಬರೀ ಸಂಕೇತವಲ್ಲ ಎಂಬ ನಂಬಿಕೆಗೂ ಕಥೆ ಹೆಣೆಯುವ ರೀತಿಗೂ ಏನು ಸಂಬಂಧ?

ನನ್ನ ಪ್ರಕಾರ ಇದೇ ಅವರ ಕಲೆಯ ಬೀಗದ ಕೈ. ಯುವತಿಯಾಗಿದ್ದಾಗ ನ್ಯೂಯಾರ್ಕಿನ ಒಂದು ಔತಣದಲ್ಲಿ, ಧರ್ಮ ಬಿಟ್ಟ ಲೇಖಕಿ ಮೇರಿ ಮೆಕಾರ್ತಿ ಪರಮಪ್ರಸಾದವನ್ನು ಒಳ್ಳೆಯ ಸಂಕೇತವೆಂದು ಹೊಗಳಿದರಂತೆ. ಅದುವರೆಗೆ ಬಾಯಿಬಿಡದೆ ಕೂತಿದ್ದ ಓಕಾನರ್ ನಡುಗುವ ದನಿಯಲ್ಲಿ, ಅದು ಸಂಕೇತವಷ್ಟೇ ಆಗಿದ್ದರೆ ನರಕಕ್ಕೆ ಹೋಗಲಿ ಎಂದುಬಿಟ್ಟರು. 1955ರ ಪತ್ರವೊಂದರಲ್ಲಿ ಇದನ್ನು ಅವರೇ ಹೇಳಿಕೊಂಡಿದ್ದಾರೆ. ರೊಟ್ಟಿ ಕ್ರಿಸ್ತನನ್ನು ಸೂಚಿಸುವುದಿಲ್ಲ. ರೊಟ್ಟಿಯಾಗಿ ಕಾಣುತ್ತಲೇ ಅದು ಕ್ರಿಸ್ತನ ದೇಹ. ಹೀಗೆ ನಂಬಿದವರಿಗೆ ವಸ್ತು ಎಂಬುದು ಅರ್ಥವನ್ನು ಹೊತ್ತು ತರುವ ಗಾಡಿಯಲ್ಲ. ಅರ್ಥ ಇರುವುದೇ ವಸ್ತುವಿನಲ್ಲಿ.

ಆದ್ದರಿಂದ ಅವರ ಕಥೆಯಲ್ಲಿ ಮರದ ಕಾಲು ಮೊದಲು ಮರದ ಕಾಲೇ. ಕೀಲು ಬಿಚ್ಚಬಹುದು, ಪೆಟ್ಟಿಗೆಯಲ್ಲಿಡಬಹುದು. ಹಲ್ಗಾಳ ಆತ್ಮ ಹೇಗಿದೆಯೆಂಬುದು ಅದರಿಂದ ಹೊರಗಿಲ್ಲ. 'ಎ ಟೆಂಪಲ್ ಆಫ್ ದ ಹೋಲಿ ಗೋಸ್ಟ್' ಕಥೆಯ ಕೊನೆಯಲ್ಲಿ ಕನ್ಯಾಸ್ತ್ರೀಯೊಬ್ಬರು ಹನ್ನೆರಡರ ಹುಡುಗಿಯನ್ನು ಅಪ್ಪಿಕೊಳ್ಳುವಾಗ ಸೊಂಟದ ಶಿಲುಬೆ ಅವಳ ಕೆನ್ನೆಗೆ ಒತ್ತಿ ಗುರುತು ಮೂಡಿಸುತ್ತದೆ. ನೋವಾಗುತ್ತದೆ, ಅಷ್ಟೇ; ಯಾರೂ ಏನೂ ವಿವರಿಸುವುದಿಲ್ಲ. ಕೆಲವೇ ಸಾಲುಗಳ ನಂತರ ಕಾರಿನ ಕಿಟಕಿಯಿಂದ ಕಾಣುವ ಮುಳುಗುವ ಸೂರ್ಯ, ರಕ್ತದಲ್ಲಿ ಅದ್ದಿ ಎತ್ತಿದ ಪ್ರಸಾದದ ರೊಟ್ಟಿಯಂತೆ ಕಾಣುತ್ತಾನೆ.

ರಾತ್ರಿ ಮಲಗುವ ಮುಂಚೆ ಸಂತ ಥಾಮಸ್ ಅಕ್ವಿನಾಸರ ಗ್ರಂಥವನ್ನು ಇಪ್ಪತ್ತು ನಿಮಿಷ ಓದುವ ಪರಿಪಾಠ ಅವರಿಗಿತ್ತು. ಇಂದ್ರಿಯಗಳ ಬಾಗಿಲಿನಿಂದಲೇ ಅರಿವು ಒಳಬರುತ್ತದೆ ಎಂಬ ಅಕ್ವಿನಾಸರ ಮಾತು ಅವರ ಪಾಲಿಗೆ ಕಥನಶಾಸ್ತ್ರವೇ ಆಗಿತ್ತು.

'ಗ್ರೇಸ್' ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು?

ಕನ್ನಡ ಕ್ಯಾಥೊಲಿಕರ ಪ್ರಾರ್ಥನೆಯಲ್ಲಿ 'ವರಪ್ರಸಾದ' ಎಂಬ ಮಾತಿದೆ. ಪ್ರೊಟೆಸ್ಟೆಂಟರ ಬೈಬಲ್ 'ಕೃಪೆ' ಎನ್ನುತ್ತದೆ. ನಾನು ಮೊದಲು 'ಅನುಗ್ರಹ' ಎಂದು ಬಳಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಅನುಗ್ರಹವೆಂದರೆ ನಮಗೆ ತಲೆಯ ಮೇಲೆ ಕೈಯಿಟ್ಟ ಹಾಗೆ ಕೇಳಿಸುತ್ತದೆ. ಓಕಾನರ್ ಕಥೆಗಳಲ್ಲಿ ಅದು ತಲೆಗೆ ಬಂದು ಬಡಿಯುತ್ತದೆ. 'ರೆವೆಲೇಶನ್' ಕಥೆಯಲ್ಲಂತೂ ವೈದ್ಯರ ಕೋಣೆಯ ಹೊರಗೆ ಕೂತ ಮಿಸೆಸ್ ಟರ್ಪಿನ್ ಹಣೆಗೆ ಹುಡುಗಿಯೊಬ್ಬಳು ಎಸೆದ ಪುಸ್ತಕವಾಗಿ, ನಿಜವಾಗಿಯೇ ಬಡಿಯುತ್ತದೆ. ಹಾಗಾಗಿ 'ಕೃಪೆ' ಎಂದು ಬರೆದು, ಅದು ಸೌಮ್ಯವಾದದ್ದೇನೂ ಅಲ್ಲವೆಂದು ಬಾಯಲ್ಲಿ ಸೇರಿಸುತ್ತೇನೆ.

ಕರಿಯರ ಬಗ್ಗೆ ಅವರ ನಿಲುವು ಸರಿಯಿರಲಿಲ್ಲ ಎನ್ನುತ್ತಾರೆ. ಶ್ರದ್ಧೆ ಅಲ್ಲೇಕೆ ಕೆಲಸ ಮಾಡಲಿಲ್ಲ?

ಖಾಸಗಿ ಪತ್ರಗಳಲ್ಲಿ ಅವರು ಆಡಿದ ಕೆಲವು ಮಾತುಗಳು ಜನಾಂಗದ್ವೇಷದವೇ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. 1959ರಲ್ಲಿ ಕರಿಯ ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರನ್ನು ಜಾರ್ಜಿಯಾದಲ್ಲಿ ಭೇಟಿಯಾಗಲು, ಊರಿನ ರೀತಿಗೆ ಅದು ಒಗ್ಗದೆಂದು ಒಪ್ಪಲಿಲ್ಲ. ಈ ಚರ್ಚೆ ಮತ್ತೆ ಎದ್ದ 2020ರಲ್ಲಿ ಮೇರಿಲ್ಯಾಂಡಿನ ಲೊಯೊಲಾ ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯವೊಂದಕ್ಕಿದ್ದ ಅವರ ಹೆಸರನ್ನು ತೆಗೆಯಿತು.

ಕಥೆಗಳು ಮಾತ್ರ ಆ ಪತ್ರಗಳಿಗಿಂತ ನ್ಯಾಯವಂತವಾಗಿವೆ. 'ಎವೆರಿಥಿಂಗ್ ದಟ್ ರೈಸಸ್ ಮಸ್ಟ್ ಕನ್ವರ್ಜ್' ಕಥೆಯ ತಾಯಿ, ಮಗನ ಮುತ್ತಜ್ಜನಿಗೆ ಇನ್ನೂರು ಗುಲಾಮರಿದ್ದರೆಂಬ ಹೆಮ್ಮೆಯನ್ನು ಬಡತನದಲ್ಲೂ ಹೊತ್ತು ತಿರುಗುತ್ತಾಳೆ. ಕರಿಯರು ಬಿಳಿಯರು ಒಟ್ಟಿಗೆ ಕೂರಲು ಶುರುವಾದ ಬಸ್ಸಿನಲ್ಲಿ, ತಾನು ತೊಟ್ಟ ಟೋಪಿಯಂಥದ್ದೇ ಟೋಪಿಯನ್ನು ತೊಟ್ಟ ಕರಿಯ ಹೆಂಗಸು ಎದುರಿಗೆ ಬಂದು ಕೂರುತ್ತಾಳೆ. ಇಳಿದ ಮೇಲೆ ಆ ಹೆಂಗಸಿನ ಮಗುವಿಗೆ ಇವಳು ಒಂದು ಪೆನ್ನಿ ಕೊಡಹೋಗುತ್ತಾಳೆ, ಬೀಳುವುದು ಏಟು. ಮನೆತನದ ಹೆಮ್ಮೆ ಎರಡು ಒಂದೇ ತೆರನ ಟೋಪಿಗಳ ಮುಂದೆ ನಗೆಪಾಟಲಾಗುವುದನ್ನು ಇದಕ್ಕಿಂತ ಚುರುಕಾಗಿ ಬರೆದವರು ವಿರಳ. ಅಮ್ಮನ ಹಳೆಯ ಕಾಲವನ್ನು ಹಂಗಿಸುವ ವಿದ್ಯಾವಂತ ಮಗ ಜೂಲಿಯನ್ ಅವಳಿಗಿಂತ ಕಡೆ ಎಂಬುದೂ ಅಲ್ಲಿದೆ. ಆದರೂ ಕರಿಯ ಪಾತ್ರಗಳ ಮನಸ್ಸಿನ ಒಳಕ್ಕೆ ಓಕಾನರ್ ಹೋಗುವುದು ತೀರಾ ಅಪರೂಪ. ಅವರ ಮನೆತನದ ಬೇಲಿಯನ್ನು ಅವರ ಶ್ರದ್ಧೆ ದಾಟಿಸದೆ ಬಿಟ್ಟ ಜಾಗ ಅದು. ಓದುವಾಗ ನನಗೆ ಪ್ರತಿ ಸಲವೂ ಕಾಲಿಗೆ ತಗಲುತ್ತದೆ.

ಮೊದಲ ಕಥೆಯನ್ನೇ ಸಾಯುವ ಮುಂಚೆ ಮತ್ತೆ ಬರೆದರಂತೆ, ನಿಜವೇ?

ನಿಜ. ಅಚ್ಚಾದ ಮೊದಲ ಕಥೆ 'ದ ಜೆರೇನಿಯಂ' (1946). ದಕ್ಷಿಣದ ಹಳ್ಳಿಯ ಮುದುಕನೊಬ್ಬ ನ್ಯೂಯಾರ್ಕಿನಲ್ಲಿ ಮಗಳ ಮನೆಯ ಕಿಟಕಿಯಲ್ಲಿ ಕೂತು ಎದುರು ಮನೆಯವರು ಹೊರಗಿಡುವ ಹೂಕುಂಡವನ್ನು ನೋಡುತ್ತಿರುತ್ತಾನೆ. ಕೊನೆಗೆ ಅದು ಓಣಿಗೆ ಬಿದ್ದು ಒಡೆದಿರುತ್ತದೆ. ಊರಿನಿಂದ ದೂರ ಅಯೋವಾದಲ್ಲಿದ್ದ ಹುಡುಗಿ ಬರೆದ, ಮನೆಯ ನೆನಪಿನ ಕಥೆ. ಅದನ್ನು ನಡುವೆ ಒಮ್ಮೆ ತಿದ್ದಿ ನೋಡಿದ ಅವರು 1964ರಲ್ಲಿ 'ಜಡ್ಜ್‌ಮೆಂಟ್ ಡೇ' ಎಂದು ಹೊಸದಾಗಿ ಬರೆದರು. ಆ ವರ್ಷ ಆಸ್ಪತ್ರೆಯಲ್ಲಿದ್ದಾಗ ಕೆಲಸ ಮಾಡಬಾರದೆಂದು ವೈದ್ಯರು ತಡೆದಾರೆಂದು ಹಸ್ತಪ್ರತಿಗಳನ್ನು ದಿಂಬಿನಡಿ ಇಟ್ಟುಕೊಳ್ಳುತ್ತಿದ್ದರು. ಜುಲೈಯಲ್ಲಿ, ಸಾವಿನಂಚಿನಲ್ಲಿರುವವರಿಗೆ ಮಾಡುವ ಅಂತಿಮ ತೈಲಲೇಪನ ಸಂಸ್ಕಾರ ಸ್ವೀಕರಿಸಿದ ಮೇಲೂ ತಿದ್ದುವುದು ನಿಂತಿರಲಿಲ್ಲ.

ಹೊಸ ಕಥೆಯ ಮುದುಕ ಟ್ಯಾನರ್ ಬರೀ ಊರನ್ನು ನೆನೆಯುವುದಿಲ್ಲ, ಹೊರಟೇಬಿಡುತ್ತಾನೆ. ಸತ್ತರೂ ಹೆಣವನ್ನು ಜಾರ್ಜಿಯಾಕ್ಕೆ ಕಳಿಸಿ ಎಂಬ ಚೀಟಿ ಜೇಬಿನಲ್ಲಿ. ಪೆಟ್ಟಿಗೆಯಿಂದ ಎದ್ದು ನಿಂತು, ಇವತ್ತೇ ನ್ಯಾಯತೀರ್ಪಿನ ದಿನ ಎಂದು ಹಳೆಯ ಗೆಳೆಯರನ್ನು ಹೆದರಿಸುವ ಕನಸು ತಲೆಯಲ್ಲಿ. ಊರಿಗೆ ಮರಳುವುದೂ ಸತ್ತವರು ಏಳುವುದೂ ಅವನಿಗೆ ಒಂದೇ ಪ್ರಯಾಣ. ಅವನು ಮೆಟ್ಟಿಲಿಗಿಂತ ಮುಂದೆ ಹೋಗುವುದಿಲ್ಲ. ಕಟಕಟೆಯ ಸರಳುಗಳ ನಡುವೆ ತಲೆ, ತೋಳು ಸಿಕ್ಕಿಸಿಕೊಂಡು ಸತ್ತಿರುತ್ತಾನೆ. ಮಗಳು ಕೊಟ್ಟ ಮಾತು ಮುರಿದು ನ್ಯೂಯಾರ್ಕಿನಲ್ಲೇ ಹೂಳುತ್ತಾಳೆ. ಆಮೇಲೆ ಅವಳಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕೊನೆಗೆ ಹೆಣವನ್ನು ಅಗೆಸಿ ತೆಗೆಸಿ ಊರಿಗೆ ಕಳಿಸುತ್ತಾಳೆ. ಈಗ ಚೆನ್ನಾಗಿ ನಿದ್ದೆ ಬರುತ್ತದೆ, ಮುಖದ ಕಳೆಯೂ ಬಹುಮಟ್ಟಿಗೆ ಮರಳಿದೆ ಎಂಬಲ್ಲಿಗೆ ಓಕಾನರ್ ಕಥೆಯನ್ನು ನಿಲ್ಲಿಸುತ್ತಾರೆ.